ಕನ್ನಡ ಪತ್ರದೊಳಗೆ ಪೌಂಡ್ ಗುರುತು ಹೇಗೆ ಬಂತು?

ಕಂಪ್ಯೂಟರ್, ಮೇಲ್ ಬಗ್ಗೆ ಈ ಸಲ ಬಂದ ಪ್ರಶ್ನೆಗಳಲ್ಲಿ ಐದನ್ನು ಎತ್ತಿಕೊಂಡಿದ್ದೇನೆ. ಮೊದಲನೆಯದರ ಉತ್ತರ ಸ್ವಲ್ಪ ಉದ್ದವಾಯಿತು. ಮುಂಬೈ ಕಡೆಯ ಕನ್ನಡ ಸಂಘಗಳಲ್ಲಿ ಓಡಾಡುವ ಎಲ್ಲರೂ ಒಮ್ಮೆಯಾದರೂ ಈ ಪೇಚಿಗೆ ಸಿಕ್ಕಿದವರೇ, ಅದಕ್ಕೆ.

ಪ್ರಶ್ನೆ: ನಮಸ್ಕಾರ ಸರ್. ಹೋಟೆಲ್ ಮ್ಯಾನೇಜರ್ ಆಗಿ ರಿಟೈರ್ ಆದವನು ನಾನು, ವಯಸ್ಸು 67. ನಮ್ಮ ಸಂಘದ ವಾರ್ಷಿಕೋತ್ಸವದ ಆಮಂತ್ರಣವನ್ನು 'ನುಡಿ' ಅನ್ನುವ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ ಪುಣೆಯ ಗೆಳೆಯನಿಗೆ ಮೇಲ್ ಮಾಡಿದೆ. ಅವನು ತೆರೆದರೆ ಒಂದಕ್ಷರ ಕನ್ನಡ ಇಲ್ಲ. ಬರೀ ಇಂಗ್ಲಿಷ್ ಅಕ್ಷರ, ನಡುವೆ ಪೌಂಡ್ ಗುರುತು. ನನ್ನ ಕಂಪ್ಯೂಟರ್‌ನಲ್ಲಿ ಸರಿಯಾಗಿಯೇ ಇದೆ. ವೈರಸ್ ಬಂದಿದೆಯಾ? (ಡೊಂಬಿವಲಿ)

ಉತ್ತರ: ವೈರಸ್ ಅಲ್ಲ ರಾಯರೇ, ಇದು ವೇಷದ ಸಮಸ್ಯೆ. ನೀವು ಯಕ್ಷಗಾನದ ಚೌಕಿಗೆ ಹೋಗಿರುತ್ತೀರಿ ಅಲ್ವಾ? ರಂಗಸ್ಥಳದಲ್ಲಿ ಕಿರೀಟ ಕಟ್ಟಿ ಕುಣಿದವನು ಚೌಕಿಯಲ್ಲಿ ವೇಷ ಕಳಚಿದರೆ ಪಕ್ಕದ ಮನೆಯವನೇ. ಹಳೆಯ ನುಡಿ ಕೆಲಸ ಮಾಡುವುದೂ ಹಾಗೆಯೇ. ನೀವು 'ಕನ್ನಡ' ಅಂತ ಟೈಪ್ ಮಾಡಿದಾಗ ಫೈಲಿನೊಳಗೆ ಕೂರುವುದು ಇಂಗ್ಲಿಷಿನ ಪಿ, ತಲೆ ಮೇಲೆ ಗೀರು ಇರುವ ಎ, ಪೌಂಡ್ ಗುರುತು, ಇಂಥವು. ನುಡಿಯ ಫಾಂಟ್ ಅವಕ್ಕೆ ಕನ್ನಡದ ವೇಷ ತೊಡಿಸುತ್ತದೆ. ಆ ವೇಷದ ಪೆಟ್ಟಿಗೆ ನಿಮ್ಮ ಕಂಪ್ಯೂಟರ್‌ನಲ್ಲಿದೆ, ಪುಣೆಯಲ್ಲಿಲ್ಲ. ಅಲ್ಲಿ ಪಾತ್ರಧಾರಿ ಬನಿಯನ್‌ನಲ್ಲೇ ರಂಗಕ್ಕೆ ಬಂದುಬಿಟ್ಟ.

ಇದಕ್ಕೆ ಮದ್ದು ಯೂನಿಕೋಡ್. ಅದರಲ್ಲಿ 'ಕ' ಅಕ್ಷರಕ್ಕೆ ಅದರದೇ ನಂಬರು ಇದೆ, ಜಗತ್ತಿಗೆಲ್ಲ ಒಂದೇ. ಇಂಗ್ಲಿಷಿನಿಂದ ಎರವಲು ತರಬೇಕಿಲ್ಲ. ಮೊಬೈಲ್‌ನಲ್ಲಿ ನೀವು ಮೊಮ್ಮಗಳಿಗೆ ಕನ್ನಡದಲ್ಲಿ ಮೆಸೇಜ್ ಮಾಡುತ್ತೀರಲ್ಲ, ಅದು ಯೂನಿಕೋಡ್. ಅದಕ್ಕೇ ಅದು ಅಮೆರಿಕದಲ್ಲೂ ಸರಿಯಾಗಿ ಕಾಣುತ್ತದೆ.

ಆಮಂತ್ರಣ ಇವತ್ತೇ ಹೋಗಬೇಕು ಅಂದರೆ ಫೈಲನ್ನು ಪಿಡಿಎಫ್ ಮಾಡಿ ಕಳಿಸಿ. ಫೈಲ್ ತೆರೆದು, ಕಂಟ್ರೋಲ್ ಒತ್ತಿ ಹಿಡಿದು ಪಿ ಒತ್ತಿ. ಪ್ರಿಂಟರ್ ಹೆಸರಿರುವ ಕಡೆ 'ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್' ಆರಿಸಿ. ವಿಂಡೋಸ್ 10 ಮತ್ತು 11ರಲ್ಲಿ ಇದು ಇದ್ದೇ ಇರುತ್ತದೆ. ಪಿಡಿಎಫ್ ಜೊತೆಗೆ ವೇಷದ ಪೆಟ್ಟಿಗೆಯೂ ಹೋಗುತ್ತದೆ. ಗೆಳೆಯ ಓದಬಹುದು, ಛಾಪಿಸಬಹುದು. ತಿದ್ದುವುದು ಮಾತ್ರ ಕಷ್ಟ.

ತಿದ್ದಬೇಕೆಂದರೆ ಯೂನಿಕೋಡ್‌ನಲ್ಲೇ ಬರೆಯಿರಿ. ನುಡಿಯ ಹೊಸ ಆವೃತ್ತಿಯಲ್ಲೂ 'ಬರಹ' ಅನ್ನುವ ಇನ್ನೊಂದು ಕನ್ನಡ ಸಾಫ್ಟ್‌ವೇರ್‌ನಲ್ಲೂ ಅದು ಇದೆ. ನಿಮ್ಮ ಬೆರಳಿಗೆ ರೂಢಿಯಾದ ಕೀಬೋರ್ಡೇ ಮುಂದುವರಿಯುತ್ತದೆ, ಹೊಸದಾಗಿ ಕಲಿಯುವುದೇನೂ ಇಲ್ಲ. (ಆ ಕೀಬೋರ್ಡಿನ ಮೂಲ ವಿನ್ಯಾಸ ಕೆ.ಪಿ. ರಾವ್ ಅವರದು. ನಮ್ಮ ದಕ್ಷಿಣ ಕನ್ನಡದವರು, ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಸಂಘದಲ್ಲಿ ಇದನ್ನು ಹೇಳಿದಾಗೆಲ್ಲ ನನಗೇ ಒಂದು ಖುಷಿ.) ನುಡಿ ಬೇಡ ಅನ್ನುವವರು ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಭಾಷೆಗಳ ಪಟ್ಟಿಗೆ ಕನ್ನಡ ಸೇರಿಸಿ, ಫೋನೆಟಿಕ್ ಕೀಬೋರ್ಡ್ ಆರಿಸಬಹುದು. ಆಮೇಲೆ ವಿಂಡೋಸ್ ಗುರುತಿನ ಕೀ ಹಿಡಿದು ಸ್ಪೇಸ್ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್.

ಹಳೆಯ ಫೈಲುಗಳ ರಾಶಿ ಇದ್ದರೆ ಅವನ್ನು ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗಳು ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಪದಗಳ ಮೇಲೆ ಒಮ್ಮೆ ಕಣ್ಣಾಡಿಸಿ. ಅಧ್ಯಕ್ಷರ ಹೆಸರಲ್ಲೇ ಎಡವಟ್ಟಾದರೆ ನೀವು ವೈರಸ್ ಅಂತ ಹೇಳಿ ತಪ್ಪಿಸಿಕೊಳ್ಳಲು ಆಗುವುದಿಲ್ಲ!

ಪ್ರಶ್ನೆ: ನಮ್ಮ ಹೌಸಿಂಗ್ ಸೊಸೈಟಿಗೆ ನಾನೇ ಸೆಕ್ರೆಟರಿ. ನೀರಿನ ಟ್ಯಾಂಕ್ ತೊಳೆಯುವ ವಿಷಯ 84 ಜನರಿಗೆ ಒಂದೇ ಮೇಲ್ ಹಾಕಿದೆ. ಒಬ್ಬರು ಪಾರ್ಕಿಂಗ್ ಜಗಳ ತೆಗೆದು ಎಲ್ಲರಿಗೂ ಉತ್ತರ ಕಳಿಸಿದರು. ಎರಡು ದಿನ ಎಲ್ಲರ ಫೋನೂ ಟಣ್ ಟಣ್. ಬೈಗುಳ ನನಗೆ. (ಮುಲುಂಡ್)

ಉತ್ತರ: ಮುಂಬೈಯ ಫೋರ್ಟ್‌ನ ಆಫೀಸುಗಳಲ್ಲಿ ಟೈಪ್‌ರೈಟರ್ ಕುಟ್ಟಿದವರಿಗೆ ಸಿಸಿ ಗೊತ್ತು: ಕಾರ್ಬನ್ ಕಾಪಿ. ಯಾರ್‍ಯಾರಿಗೆ ಪ್ರತಿ ಹೋಗಿದೆ ಅಂತ ಎಲ್ಲರಿಗೂ ಕಾಣುತ್ತದೆ. ಅದರ ಪಕ್ಕದಲ್ಲೇ ಬಿಸಿಸಿ ಅಂತ ಇದೆ. ಅದರಲ್ಲಿ ಹಾಕಿದ ವಿಳಾಸ ಬೇರೆ ಯಾರಿಗೂ ಕಾಣುವುದಿಲ್ಲ. 'ಟು' ಜಾಗದಲ್ಲಿ ನಿಮ್ಮದೇ ವಿಳಾಸ ಹಾಕಿ, 84 ಜನರನ್ನು ಬಿಸಿಸಿಗೆ ಹಾಕಿ. ಆಗ ಯಾರು 'ರಿಪ್ಲೈ ಆಲ್' ಒತ್ತಿದರೂ ಅದು ನಿಮಗೊಬ್ಬರಿಗೇ ಬರುತ್ತದೆ. ಜಗಳ ತಪ್ಪುವುದಿಲ್ಲ, ಗದ್ದಲ ತಪ್ಪುತ್ತದೆ.

ಕಳಿಸಿದ ಕೂಡಲೇ 'ಅಯ್ಯೋ' ಅನ್ನಿಸಿದರೆ? ಜಿಮೇಲ್‌ನಲ್ಲಿ 'ಅನ್‌ಡೂ' ಅಂತ ಕೆಲವು ಸೆಕೆಂಡ್ ಕೆಳಗೆ ತೋರಿಸುತ್ತದೆ. ಕಂಪ್ಯೂಟರ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಆ ಸಮಯವನ್ನು 30 ಸೆಕೆಂಡಿಗೆ ಏರಿಸಿಡಿ. ನಾನು ಮೊದಲು ಮಾಡಿದ್ದೇ ಈ ಕೆಲಸ, ಯಾಕೆ ಅಂತ ಕೇಳಬೇಡಿ.

ಪ್ರಶ್ನೆ: ಜಾಗ ತುಂಬಿದೆ, ಇನ್ನು ಮೇಲ್ ಬರುವುದಿಲ್ಲ ಅಂತ ಜಿಮೇಲ್ ಹೆದರಿಸುತ್ತಿದೆ. ವಾರದಿಂದ ಕೂತು ಮೇಲ್ ಅಳಿಸುತ್ತಿದ್ದೇನೆ, ಏನೂ ಖಾಲಿ ಆಗುತ್ತಿಲ್ಲ. ದುಡ್ಡು ಕೊಡಲೇಬೇಕಾ? (ಕಾತ್ರಜ್, ಪುಣೆ)

ಉತ್ತರ: ಕೊಡಬೇಡಿ, ಅಳಿಸುವುದನ್ನೂ ನಿಲ್ಲಿಸಿ. ಗೂಗಲ್ ಕೊಡುವ 15 ಜಿಬಿ ಜಾಗ ಜಿಮೇಲ್‌ಗೆ ಮಾತ್ರ ಅಲ್ಲ. ಫೋಟೋ, ಡ್ರೈವ್, ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್, ಎಲ್ಲ ಸೇರಿ ಅಷ್ಟೇ. ಬರೀ ಅಕ್ಷರ ಇರುವ ಮೇಲ್ ಸಾಸಿವೆ ಕಾಳು. ಅಂಥ ಸಾವಿರ ಮೇಲ್ ಅಳಿಸಿದರೂ ಒಂದು ಮದುವೆ ವಿಡಿಯೋದಷ್ಟು ಜಾಗ ಆಗುವುದಿಲ್ಲ.

ಮೊದಲು ಗೂಗಲ್ ಅಕೌಂಟ್‌ನಲ್ಲಿ 'ಸ್ಟೋರೇಜ್' ತೆರೆದು ಯಾವುದು ಎಷ್ಟು ತಿಂದಿದೆ ನೋಡಿ. ವಾಟ್ಸಾಪ್ ಬ್ಯಾಕಪ್ ಜಾಸ್ತಿ ಇದ್ದರೆ ವಾಟ್ಸಾಪ್‌ನ ಚಾಟ್ ಬ್ಯಾಕಪ್‌ಗೆ ಹೋಗಿ ವಿಡಿಯೋ ಸೇರಿಸುವ ಬಟನ್ ಆಫ್ ಮಾಡಿ. ಗುಡ್ ಮಾರ್ನಿಂಗ್ ವಿಡಿಯೋಗಳನ್ನು ಜೋಪಾನ ಮಾಡುವುದು ಯಾರಿಗೆ ಬೇಕು? ಜಿಮೇಲ್‌ನದೇ ಜಾಸ್ತಿ ಇದ್ದರೆ, ಕಂಪ್ಯೂಟರ್‌ನಲ್ಲಿ ಹುಡುಕುವ ಪೆಟ್ಟಿಗೆಯ ಬಲ ತುದಿಯ ಚಿಹ್ನೆ ಒತ್ತಿ, ಸೈಜ್ ಎದುರು 10 ಎಂಬಿಗಿಂತ ದೊಡ್ಡದು ಅಂತ ಕೊಡಿ. ದೊಡ್ಡ ಮೇಲ್‌ಗಳು ಮಾತ್ರ ಎದುರಿಗೆ ಬರುತ್ತವೆ. ಬೇಡದ್ದನ್ನು ಅಳಿಸಿ 'ಟ್ರ್ಯಾಶ್' ಕೂಡ ಖಾಲಿ ಮಾಡಿ. ಮಾಡದಿದ್ದರೆ ಅವು 30 ದಿನ ಅಲ್ಲೇ ಕೂತು ಜಾಗ ತಿನ್ನುತ್ತವೆ.

ಫೋಟೋ ಅಳಿಸುವಾಗ ಮಾತ್ರ ಹುಷಾರು. ಗೂಗಲ್ ಫೋಟೋಸ್‌ನಲ್ಲಿ ಅಳಿಸಿದರೆ ಫೋನಿನಲ್ಲಿರುವ ಪ್ರತಿಯೂ ಹೋಗುತ್ತದೆ. ಇನ್ನೊಂದು: 2021ರ ಜೂನ್ 1ಕ್ಕಿಂತ ಮೊದಲು 'ಹೈ ಕ್ವಾಲಿಟಿ' ಸೆಟ್ಟಿಂಗ್‌ನಲ್ಲಿ ಏರಿಸಿದ ಫೋಟೋಗಳು ಈ 15 ಜಿಬಿಯ ಲೆಕ್ಕಕ್ಕೇ ಬರುವುದಿಲ್ಲ. ಅವನ್ನು ಅಳಿಸಿ ಸುಮ್ನೆ ನೆನಪು ಕಳೆದುಕೊಳ್ಳಬೇಡಿ.

ಪ್ರಶ್ನೆ: ಝೆರಾಕ್ಸ್ ಅಂಗಡಿಯಲ್ಲಿ ನನ್ನ ಮೇಲ್ ತೆರೆದು ಆಧಾರ್ ಪ್ರಿಂಟ್ ತೆಗೆಸಿದೆ. ಮನೆಗೆ ಬಂದ ಮೇಲೆ ನೆನಪಾಯಿತು, ಲಾಗೌಟ್ ಮಾಡಿಲ್ಲ. ನಿದ್ದೆ ಬರುತ್ತಿಲ್ಲ ಸರ್. (ವಾಸ್ಕೋ, ಗೋವಾ)

ಉತ್ತರ: ಮನೆಯಲ್ಲಿ ಕೂತೇ ಹೊರಗೆ ಹಾಕಬಹುದು. ಫೋನಿನ ಗೂಗಲ್ ಅಕೌಂಟ್‌ನಲ್ಲಿ 'ಸೆಕ್ಯುರಿಟಿ' ಒಳಗೆ 'ಯುವರ್ ಡಿವೈಸಸ್' ಇದೆ. ಅಲ್ಲಿ ಅಂಗಡಿಯ ಕಂಪ್ಯೂಟರ್ ಕಾಣುತ್ತದೆ. ಅದನ್ನು ಒತ್ತಿ 'ಸೈನ್ ಔಟ್' ಕೊಡಿ, ಪಾಸ್‌ವರ್ಡ್ ಬದಲಿಸಿ. ಆದರೆ ಪ್ರಿಂಟ್‌ಗೆಂದು ಇಳಿಸಿಕೊಂಡ ಆಧಾರ್ ಫೈಲ್ ಅಂಗಡಿಯ 'ಡೌನ್‌ಲೋಡ್ಸ್'ನಲ್ಲೇ ಉಳಿದಿರಬಹುದು. ಅದನ್ನು ದೂರದಿಂದ ಅಳಿಸಲಾಗದು. ನಾಳೆ ಹೋಗಿ, ನಿಮ್ಮ ಕಣ್ಣೆದುರೇ ಅಳಿಸಿ, ರಿಸೈಕಲ್ ಬಿನ್ ಕೂಡ ಖಾಲಿ ಮಾಡಿಸಿ. ಮುಂದಿನ ಸಲ ಆಧಾರ್‌ನ ಸರ್ಕಾರಿ ವೆಬ್‌ಸೈಟ್‌ನಿಂದ 'ಮಾಸ್ಕ್ಡ್ ಆಧಾರ್' ಇಳಿಸಿಕೊಳ್ಳಿ. ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತವೆ.

ಪ್ರಶ್ನೆ: 'ಇವತ್ತು ರಾತ್ರಿ 9.30ಕ್ಕೆ ನಿಮ್ಮ ಲೈಟ್ ಕಟ್' ಅಂತ ಮೇಲ್ ಬಂದಿದೆ, ಕೆಳಗೆ ಮೊಬೈಲ್ ನಂಬರ್. ಹೋದ ತಿಂಗಳ ಲೈಟ್ ಬಿಲ್ ಕಟ್ಟಿದ್ದೇನೋ ಇಲ್ಲವೋ ಖಾತ್ರಿ ಇಲ್ಲ. ಫೋನ್ ಮಾಡಲೇ? (ಮಾಟುಂಗ)

ಉತ್ತರ: ಬೇಡವೇ ಬೇಡ. 2003ರ ವಿದ್ಯುತ್ ಕಾಯ್ದೆಯ 56ನೇ ಕಲಂ ಪ್ರಕಾರ ಬಾಕಿಗಾಗಿ ಕರೆಂಟ್ ಕಡಿಯುವ ಮೊದಲು ಬರಹದಲ್ಲಿ ಕನಿಷ್ಠ 15 ದಿನದ ನೋಟಿಸ್ ಕೊಡಬೇಕು. ಇವತ್ತು ರಾತ್ರಿ ಅನ್ನುವವನು ಕಳ್ಳ. ಕಳಿಸಿದವನ ಹೆಸರಿನ ಮೇಲೆ ಒತ್ತಿ, ವಿಳಾಸದಲ್ಲಿ ಅಟ್ ಗುರುತಿನ ನಂತರ ಏನಿದೆ ನೋಡಿ. ಹೆಸರು ಯಾರು ಏನು ಬೇಕಾದರೂ ಇಟ್ಟುಕೊಳ್ಳಬಹುದು, ಗುಟ್ಟು ಇರುವುದು ಆ ಬಾಲದಲ್ಲಿ. ಬಿಲ್ ಕಟ್ಟಿದ್ದೀರಾ ಅಂತ ನೋಡಲು ಹಳೆಯ ಕಾಗದದ ಬಿಲ್ಲಿನಲ್ಲಿರುವ ನಂಬರಿಗೇ ಫೋನ್ ಮಾಡಿ, ಮೇಲ್‌ನಲ್ಲಿರುವುದಕ್ಕಲ್ಲ.

ಭಾನುವಾರದ ನಮ್ಮ ಕ್ಲಾಸಿನಲ್ಲಿ ಒಂದು ವಿಚಿತ್ರ ನೋಡುತ್ತಿರುತ್ತೇನೆ. ತಪ್ಪು ಬಟನ್ ಒತ್ತಿದರೆ ಕಂಪ್ಯೂಟರ್ ಕೆಡುತ್ತದೆ ಅಂತ ಹೆದರಿ ಕೈಯನ್ನೇ ಇಡದವರು, ಫೋನಿನಲ್ಲಿ ಯಾರೋ ಕೇಳಿದರೆ ಒಟಿಪಿಯನ್ನು ಪಟಪಟ ಹೇಳಿಬಿಡುತ್ತಾರೆ. ಬಟನ್ ತಪ್ಪಿದರೆ ಕಂಟ್ರೋಲ್ ಹಿಡಿದು ಝಡ್ ಒತ್ತಿದರೆ ಆಯಿತು. ಒಟಿಪಿ ಹೇಳಿದ್ದಕ್ಕೆ ಅಂಥ ಕೀ ಯಾವ ಕೀಬೋರ್ಡಿನಲ್ಲೂ ಇಲ್ಲ. ನೀವು ಈಗಾಗಲೇ ಆ ಮೇಲ್‌ನ ನಂಬರಿಗೆ ಫೋನ್ ಮಾಡಿ, ಆ ಕಳ್ಳ ಹೇಳಿದ ಆ್ಯಪ್ ಹಾಕಿಕೊಂಡಿದ್ದರೆ ಮೊದಲು ಫೋನಿನ ನೆಟ್ ಆಫ್ ಮಾಡಿ. ದುಡ್ಡು ಹೋಗಿದ್ದರೆ ಬೇರೆ ಫೋನಿನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೆಳಿಗ್ಗೆ ಮಗ ಬರಲಿ ಅಂತ ಕಾಯಬೇಡಿ.