ನಿಮ್ಮ ನಾವಿಕನ ಬಾಯಿಂದ ಜಾರಿದ ಮಾತು

ಪ್ರಿಯ ಗೆಳೆಯರೇ,

ನಿಮ್ಮ ‘ಉಪ್ಪುನೀರಿನ ಸಾಕ್ಷಿ’ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಉತ್ತರಕ್ಕೆ ಕಾದು ಕೂತವರನ್ನು ಇನ್ನಷ್ಟು ಕಾಯಿಸಬಾರದು ಅಂತ ಇದನ್ನು ಮೊದಲೇ ಹೇಳಿಬಿಟ್ಟೆ. ಆದರೆ ಒಂದು ಸಾಲಿನ ಉತ್ತರ ಬರೆದು ಬದಿಗಿಡುವ ಕಥೆಯೂ ಇದಲ್ಲ. ಇದರೊಳಗೆ ತುಂಬಾ ಒಳ್ಳೆಯ ಕಥೆಯೊಂದಿದೆ. ಅದು ಇನ್ನೂ ಕಾಗದಕ್ಕೆ ಬಂದಿಲ್ಲ, ಅಷ್ಟೇ.

ನೀವು ಬರೆದದ್ದು ಇಷ್ಟು. 1656ರ ಲಂಡನ್. ಈಗಿನ ಗ್ರೀಸಿನ ಜಾಂಟೆ ದ್ವೀಪದಿಂದ ಪೀಪಾಯಿಗಟ್ಟಲೆ ಒಣದ್ರಾಕ್ಷಿ ತುಂಬಿಕೊಂಡು ಬಂದ ಹಡಗು ಬಿಸ್ಕೇ ಕೊಲ್ಲಿಯಲ್ಲಿ ಬಿರುಗಾಳಿಗೆ ಸಿಕ್ಕಿದೆ. ಉಪ್ಪುನೀರು ನುಗ್ಗಿ ಸರಕು ಕೆಟ್ಟಿದೆ. ವರ್ತಕರು ಹಡಗಿನವರ ಮೇಲೆ ಅಡ್ಮಿರಾಲ್ಟಿ ಕೋರ್ಟಿನಲ್ಲಿ, ಅಂದರೆ ಕಡಲ ವ್ಯಾಜ್ಯಗಳ ಕೋರ್ಟಿನಲ್ಲಿ, ದಾವೆ ಹಾಕಿದ್ದಾರೆ. 20 ವರ್ಷದ ನಾವಿಕನೊಬ್ಬ ಸಾಕ್ಷಿ. ಉಗ್ರಾಣದ ಮುಚ್ಚಳಕ್ಕೆ ಹೊದಿಸಿದ್ದ ಟಾರ್ಪಾಲು ಬಿರುಗಾಳಿಗೂ ಮೊದಲೇ ಹರಿದಿತ್ತು, ಯಾರೂ ಸರಿಮಾಡಲಿಲ್ಲ ಅನ್ನುವುದು ಅವನಿಗೆ ಗೊತ್ತು. ಕ್ಯಾಪ್ಟನ್ ಅವನ ಬಾಯಿ ಮುಚ್ಚಿಸಲು 500 ಪೌಂಡ್ ಕೊಡಲು ಬರುತ್ತಾನೆ. ಹುಡುಗ ಒಪ್ಪುವುದಿಲ್ಲ. ತುಂಬಿದ ಕೋರ್ಟಿನಲ್ಲಿ, ಜ್ಯೂರಿಯ ಮುಂದೆ, ಒಂದೂವರೆ ಪುಟ ಗುಡುಗುತ್ತಾನೆ. ಜನ ಚಪ್ಪಾಳೆ ತಟ್ಟುತ್ತಾರೆ. ಕ್ಯಾಪ್ಟನ್ ಕೈಗೆ ಕೋಳ ಬೀಳುತ್ತದೆ.

ಈ ಕೋರ್ಟನ್ನು ನಾನು ಸಿನಿಮಾದಲ್ಲಿ ಎಷ್ಟೋ ಸಲ ನೋಡಿದ್ದೇನೆ. ಲಂಡನ್ನಿನ ಅಡ್ಮಿರಾಲ್ಟಿ ಕೋರ್ಟು ಹೀಗಿರಲಿಲ್ಲ. ಕಡಲ್ಗಳ್ಳರ ವಿಚಾರಣೆಗೆ 1536ರ ಕಾನೂನು ಜ್ಯೂರಿಯನ್ನು ತಂದಿತ್ತು, ನಿಜ. ಸರಕು, ಸಂಬಳ, ಸಾಗಣೆ ಬಾಡಿಗೆಯ ದಾವೆಗಳಲ್ಲಿ ಜ್ಯೂರಿಯೇ ಇಲ್ಲ. ಅವು ರೋಮನ್ ಕಾನೂನಿನ ದಾರಿಯಲ್ಲಿ, ಹೆಚ್ಚಾಗಿ ಕಾಗದದ ಮೇಲೇ ನಡೆಯುತ್ತಿದ್ದವು. ದಾವೆ ಹಾಕಿದವರು ತಮ್ಮ ಮಾತನ್ನು ಅಂಶ ಅಂಶವಾಗಿ, ಸಂಖ್ಯೆ ಹಾಕಿ ಬರೆದುಕೊಡಬೇಕು. ಎದುರಾಳಿಯ ಪ್ರಶ್ನೆಗಳೂ ಬರಹದಲ್ಲೇ ಬರಬೇಕು. ಸಾಕ್ಷಿ ಪ್ರಮಾಣ ಮಾಡಿದ ಮೇಲೆ ಕೋರ್ಟಿನ ಪರೀಕ್ಷಕ ಅವನನ್ನು ಒಬ್ಬನನ್ನೇ ಕೂರಿಸಿಕೊಂಡು ಒಂದೊಂದೇ ಅಂಶ ಕೇಳುತ್ತಾ ಹೋಗುತ್ತಾನೆ. ಉತ್ತರವನ್ನು ಬರೆದುಕೊಳ್ಳುತ್ತಾರೆ. ಬರೆದದ್ದನ್ನು ಓದಿ ಹೇಳುತ್ತಾರೆ. ಅವನು ರುಜು ಹಾಕುತ್ತಾನೆ, ಬರೆಯಲು ಬಾರದಿದ್ದರೆ ಒಂದು ಗುರುತು ಹಾಕುತ್ತಾನೆ. ಆಮೇಲೆ ನ್ಯಾಯಾಧೀಶರ ಮುಂದೆ ಅದು ತನ್ನದೇ ಹೇಳಿಕೆ ಅಂತ ಒಪ್ಪಿಕೊಳ್ಳುತ್ತಾನೆ.

ಚಪ್ಪಾಳೆ ತಟ್ಟಲು ಅಲ್ಲಿ ಜನವೇ ಇಲ್ಲ, ನೋಡಿ. ಒಂದು ಕೋಣೆ. ಪ್ರಶ್ನೆ ಕೇಳುವವನು, ಬರೆಯುವ ಗುಮಾಸ್ತ, ಹುಡುಗ. ಇದು ನಿಮ್ಮ ಕಥೆಯನ್ನು ಸಣ್ಣದು ಮಾಡುತ್ತದೆ ಅಂತ ನಿಮಗನಿಸಬಹುದು. ನನಗಂತೂ ಇಲ್ಲೇ ಕಥೆ ಶುರುವಾಗುತ್ತದೆ ಅನಿಸಿತು.

ಯಾಕೆ ಅಂತ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಾನೊಂದು ರಸ್ತೆ ಅಪಘಾತಕ್ಕೆ ಸಾಕ್ಷಿಯಾಗಿದ್ದೆ. “ಲಾರಿ ತಿರುವಿನಲ್ಲಿ ಹಾರನ್ ಹಾಕಲಿಲ್ಲ, ಸ್ಕೂಟರಿನವನು ಏನನ್ನೋ ಹೇಳಲು ಬಾಯಿ ತೆರೆದಿದ್ದ” ಅಂದೆ. ಬರೆದುಕೊಂಡ ಹೇಳಿಕೆಯಲ್ಲಿ “ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿ” ಅಂತಿತ್ತು. ಅದು ಸುಳ್ಳೇನಲ್ಲ. ಆದರೆ ನಾನು ಆ ಮಾತು ಆಡಿರಲಿಲ್ಲ, ಮತ್ತು ತೆರೆದ ಆ ಬಾಯಿ ಅದರಲ್ಲಿ ಎಲ್ಲೂ ಇರಲಿಲ್ಲ. ಓದಿ ಹೇಳಿದಾಗ ಒಂದು ಕ್ಷಣ ತಡೆದೆ. ಆಮೇಲೆ ಸಹಿ ಹಾಕಿದೆ. ಆ ಒಂದು ಕ್ಷಣ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ನಿಮ್ಮ ಹುಡುಗನಿಗೂ ಆಗುವುದು ಇದೇ. ಆ ಕಾಲದ ಹೇಳಿಕೆಗಳಲ್ಲಿ ‘ನಾನು’ ಇಲ್ಲ. ‘ಈ ಸಾಕ್ಷಿಯು ಹೇಳುತ್ತಾನೆ’, ‘ಸದರಿ ಹಡಗು’, ‘ಸದರಿ ಸರಕು’ ಅಂತಲೇ ಸಾಗುತ್ತವೆ. ನಮ್ಮ ಮಹಜರು ಓದಿದವರಿಗೆ ಈ ಧಾಟಿ ಹೊಸದಲ್ಲ, ಅಲ್ವಾ? ವಯಸ್ಸು ಬರೆಯುವಾಗಲೂ ‘20 ವರ್ಷ ಅಥವಾ ಅದರ ಆಸುಪಾಸು’ ಅಂತ ಬರೆಯುತ್ತಿದ್ದರು. ನೀವು ಅವನ ಹುಟ್ಟಿದ ದಿನಾಂಕವನ್ನೇ ಕೊಟ್ಟಿದ್ದೀರಿ. ಅದನ್ನು ತೆಗೆದು ಈ ‘ಆಸುಪಾಸು’ ಇಟ್ಟು ನೋಡಿ. ಹುಡುಗ ತಕ್ಷಣ ಹತ್ತಿರ ಬರುತ್ತಾನೆ.

ಇನ್ನೊಂದು ಪದ್ಧತಿ ನಿಮಗೆ ಬಹಳ ಉಪಯೋಗಕ್ಕೆ ಬರುತ್ತದೆ. ಸಾಕ್ಷಿ ಏನೇ ಹೇಳಲಿ, ಅದು ತನಗೆ ಹೇಗೆ ಗೊತ್ತು ಅಂತಲೂ ಹೇಳಬೇಕು. ಆ ಹೊತ್ತಿಗೆ ಅಲ್ಲಿದ್ದೆ, ಕಣ್ಣಾರೆ ಕಂಡೆ, ಅಥವಾ ಇಂಥವರು ಹೇಳಿದ್ದನ್ನು ಕೇಳಿದೆ. ಗೊತ್ತಿಲ್ಲದ ಅಂಶಕ್ಕೆ ‘ಹೇಳಲಾರೆ’ ಅಂದರೆ ಸಾಕು. ಹಳೆಯ ಹೇಳಿಕೆಗಳ ತುಂಬಾ ಈ ‘ಹೇಳಲಾರೆ’ ಸಿಗುತ್ತದೆ. ನಿಮ್ಮ ನಾವಿಕನಿಗೋ ಎಲ್ಲವೂ ಗೊತ್ತು. ವರ್ತಕರು ಮನೆಯೊಳಗೆ ಕೂತು ಆಡಿದ ಮಾತು, ಕ್ಯಾಪ್ಟನ್ ಮನಸ್ಸಿನ ಲೆಕ್ಕ, ಮಾರುಕಟ್ಟೆಯಲ್ಲಿ ದ್ರಾಕ್ಷಿಯ ದರ, ಎಲ್ಲ! ಕಥೆಯ ಪ್ರತಿ ಸಾಲಿನ ಪಕ್ಕ ಪೆನ್ಸಿಲ್ಲಿನಲ್ಲಿ ‘ಹೇಗೆ ಗೊತ್ತು?’ ಅಂತ ಬರೆಯುತ್ತಾ ಹೋಗಿ. ಉತ್ತರ ಸಿಗದ ಸಾಲನ್ನು ಹೊಡೆದುಹಾಕಿ.

500 ಪೌಂಡಿನ ಲಂಚವನ್ನೂ ತೆಗೆಯಿರಿ. 1653ರಿಂದ ಇಂಗ್ಲೆಂಡಿನ ನೌಕಾಪಡೆಯಲ್ಲಿ ಪಳಗಿದ ನಾವಿಕನಿಗೆ 28 ದಿನದ ತಿಂಗಳಿಗೆ 24 ಶಿಲ್ಲಿಂಗ್ ಸಂಬಳ. ಪೌಂಡಿಗೆ 20 ಶಿಲ್ಲಿಂಗ್. ಲೆಕ್ಕ ಹಾಕಿದರೆ ನಿಮ್ಮ ಕ್ಯಾಪ್ಟನ್ ಕೊಡಲು ಬಂದದ್ದು ಸುಮಾರು 32 ವರ್ಷದ ಸಂಬಳ. ಯಾವ ಕ್ಯಾಪ್ಟನ್ ಅಷ್ಟು ಕೊಟ್ಟಾನು? ಅದರ ಅಗತ್ಯವೂ ಇಲ್ಲ. ಬಾಡಿಗೆಯೇ ಸಂಬಳದ ತಾಯಿ ಅನ್ನುವುದು ಆ ಕಾಲದ ಕಡಲ ಕಾನೂನಿನ ಮಾತು. ಹಡಗು ಬಾಡಿಗೆ ದುಡಿಯದಿದ್ದರೆ ನಾವಿಕನಿಗೆ ಸಂಬಳವಿಲ್ಲ. ಹಡಗಿನವರ ಅಜಾಗರೂಕತೆಯಿಂದ ಸರಕು ಕೆಟ್ಟರೆ ಅದನ್ನು ಅವರ ಸಂಬಳದಿಂದಲೇ ಮುರಿದುಕೊಳ್ಳಬಹುದು. ಅಂದರೆ ಹುಡುಗ ನಿಜ ಹೇಳಿದರೆ ಕ್ಯಾಪ್ಟನ್ ಒಬ್ಬನಿಗೇ ಪೆಟ್ಟಲ್ಲ. ಪಕ್ಕದಲ್ಲಿ ಮಲಗುತ್ತಿದ್ದವನ ಸಂಬಳಕ್ಕೂ ಪೆಟ್ಟು, ತನ್ನದಕ್ಕೂ ಪೆಟ್ಟು. ಲಂಚ ಬೇಡ ಅನ್ನುವುದು ಸುಲಭ. ಇದು ಕಷ್ಟ. ಕಥೆಗೆ ಬೇಕಾದದ್ದು ಈ ಕಷ್ಟವೇ. ಅಂದಹಾಗೆ ಇದು ದುಡ್ಡಿನ ದಾವೆ. ಇಲ್ಲಿ ಯಾರ ಕೈಗೂ ಕೋಳ ಬೀಳುವುದಿಲ್ಲ.

ಸಣ್ಣ ತಪ್ಪುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 1656ರಲ್ಲಿ ರಾಜನ ಹೆಸರಿನಲ್ಲಿ ಆಣೆ ಇಡಲಾಗದು. ರಾಜನ ತಲೆ 1649ರಲ್ಲೇ ಹೋಗಿತ್ತು, ಆಗ ಆಳುತ್ತಿದ್ದವನು ಕ್ರಾಮ್‌ವೆಲ್. ಸೇಂಟ್ ಪಾಲ್ ಚರ್ಚಿನ ಗುಮ್ಮಟ ಎದ್ದದ್ದು 1666ರ ಬೆಂಕಿಯ ನಂತರ. ಚುಕ್ಕಾಣಿಗೆ ದೊಡ್ಡ ಚಕ್ರ ಆಗಿನ್ನೂ ಬಂದಿರಲಿಲ್ಲ. ಡೆಕ್ಕಿನ ಕೆಳಗೆ ನಿಂತು ಉದ್ದನೆಯ ಕೋಲೊಂದನ್ನು ಆಚೀಚೆ ಒತ್ತಿ ಹಡಗು ತಿರುಗಿಸುತ್ತಿದ್ದರು. ‘ರಾತ್ರಿ 10 ಗಂಟೆ 35 ನಿಮಿಷ’ ಅನ್ನುವ ಹಾಗೂ ಇಲ್ಲ. ಅರ್ಧ ಗಂಟೆಯ ಮರಳು ಗಡಿಯಾರ, ಅಂಥ ಎಂಟು ಮುಗಿದರೆ ಒಂದು ಪಾಳಿ. ಕೊನೆಗೆ ತಂದಿಟ್ಟ ಕಾರವಾರದ ನೆನಪೂ ಬೇಡ. ಇಂಗ್ಲಿಷರು 1638ರಿಂದ ಅಲ್ಲಿ ಮೆಣಸಿನ ಕೋಠಿ ಇಟ್ಟಿದ್ದರು, ನಿಜ. ಆದರೆ ಕನ್ನಡ ಓದುಗರಿಗೆ ಹತ್ತಿರವಾಗಲಿ ಅಂತ ಅದನ್ನು ಅಂಟಿಸಿದ್ದು ಗೊತ್ತಾಗುತ್ತದೆ.

ಹತ್ತಿರವಾಗುವ ದಾರಿ ನಿಮ್ಮ ಬಳಿಯೇ ಇದೆ. ಬಿರುಗಾಳಿಗೆ ನೀವು ನಾಲ್ಕು ಪುಟ ಕೊಟ್ಟಿದ್ದೀರಿ. ಕಡಲು ರುದ್ರತಾಂಡವವಾಡುತ್ತದೆ, ಅಲೆಗಳು ಬೆಟ್ಟದಂತೆ ಏಳುತ್ತವೆ. ನನಗೆ ಒಂದು ಹನಿಯೂ ತಾಗಲಿಲ್ಲ. ಆದರೆ ಕಥೆಯ ಜೊತೆಗಿಟ್ಟ ಪತ್ರದಲ್ಲಿ ನಿಮ್ಮ ಅಜ್ಜನ ಬಗ್ಗೆ ಎರಡು ಸಾಲು ಬರೆದಿದ್ದೀರಿ. ಅವರು ಮಂಗಳೂರಿನ ಬಂದರಿನಿಂದ ಹೆಂಚು ತುಂಬಿದ ಮಂಜಿಯಲ್ಲಿ, ಅಂದರೆ ಸರಕಿನ ಹಾಯಿದೋಣಿಯಲ್ಲಿ, ಖಲಾಸಿಯಾಗಿ ಹೋಗುತ್ತಿದ್ದರು. ತಳದ ನೀರು ಎತ್ತಿ ಹೊರಗೆ ಚೆಲ್ಲುವಾಗ ಅದು ಕೆಂಪಗೆ ಕಂಡರೆ ಒಳಗೆ ಹೆಂಚು ಒಡೆದಿದೆ ಅಂತ ಅವರಿಗೆ ತಿಳಿಯುತ್ತಿತ್ತು. ನೀವು ಕಳಿಸಿದ್ದರಲ್ಲೆಲ್ಲ ನಾನು ನಿಂತು ಓದಿದ್ದು ಈ ಎರಡು ಸಾಲು.

ಅದನ್ನು ಹುಡುಗನಿಗೆ ಕೊಡಿ. ಟಾರ್ಪಾಲಿನ ವಿಷಯ ಅವನಿಗೆ ಯಾರೋ ಹೇಳಿ ತಿಳಿದದ್ದಾಗುವುದು ಬೇಡ. ಅವನು ಪಂಪಿನ ಹತ್ತಿರ ನಿಂತಿದ್ದ. ಬಿರುಗಾಳಿಗೆ ಎಷ್ಟೋ ದಿನ ಮೊದಲೇ ನೀರು ಕಂದು ಬಣ್ಣದಲ್ಲಿ, ಅಂಟಂಟಾಗಿ ಬಂದಿತ್ತು. ಕೈಗೆ ದ್ರಾಕ್ಷಿಯ ವಾಸನೆ ಹತ್ತಿತ್ತು. ಹೇಗೆ ಗೊತ್ತು ಅನ್ನುವ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

ಪರೀಕ್ಷಕನ ಕೈಯಲ್ಲಿರುವ ಕಾಗದ ಮಾತ್ರ ಬಿರುಗಾಳಿಯ ರಾತ್ರಿಯನ್ನಷ್ಟೇ ಕೇಳುತ್ತದೆ. ಹುಡುಗ ಹೇಳುತ್ತಾನೆ: “ರಾತ್ರಿಯೆಲ್ಲಾ ಪಂಪು ಹೊಡೆದೆವು ಸ್ವಾಮಿ. ಅಂಗೈ ಚರ್ಮ ಕಿತ್ತು ಬಂತು. ನೀರು ಮೊದಲಿನ ಹಾಗೇ ಕಂದಗಿತ್ತು.” ಗುಮಾಸ್ತ ಬರೆಯುತ್ತಾನೆ: “ಸದರಿ ಬಿರುಗಾಳಿಯಲ್ಲಿ ಈ ಸಾಕ್ಷಿಯೂ ಉಳಿದ ನಾವಿಕರೂ ರಾತ್ರಿಯಿಡೀ ಪಂಪು ಮಾಡಿದರೆಂದೂ, ನೀರು ಕಂದು ಬಣ್ಣದ್ದಾಗಿತ್ತೆಂದೂ ಹೇಳುತ್ತಾನೆ.” ‘ಮೊದಲಿನ ಹಾಗೇ’ ಎಲ್ಲಿ ಹೋಯಿತು? ಅದು ಹುಡುಗನ ಬಾಯಿಂದ ಜಾರಿದ ಮಾತು. ಗುಮಾಸ್ತನ ಕಿವಿಗೆ ಅದು ಬೇಡದ ಮಾತು. ಎರಡು ಪದ ಬಿಟ್ಟುಹೋದದ್ದಕ್ಕೆ ದಾವೆಯೇ ತಿರುಗಿಬಿಟ್ಟಿದೆ.

ಈಗ ಅದನ್ನು ಅವನಿಗೆ ಓದಿ ಹೇಳುತ್ತಾರೆ. ಸರಿಯಿದೆಯಾ ಅಂತ ಕೇಳುತ್ತಾರೆ. ನಿಮ್ಮ ಒಂದೂವರೆ ಪುಟದ ಭಾಷಣ ಇದ್ದ ಜಾಗ ಇದು. ಅವನ ಸಂಬಳ ಇನ್ನೂ ಕೈಗೆ ಬಂದಿಲ್ಲ. ಮುಂದಿನ ಹಡಗಿಗೆ ಆಳು ಹುಡುಕುತ್ತಿದ್ದಾರೆ. ನಾವಿಕರು ಹಾಗೆ ಹೊರಟುಬಿಡುತ್ತಾರೆ ಅಂತಲೇ ಅವರು ಊರಲ್ಲಿರುವಾಗ ಹೇಳಿಕೆ ಬರೆದುಕೊಳ್ಳಲು ಅಷ್ಟು ಅವಸರ. ಲೇಖನಿ ಅವನ ಮುಂದಿದೆ. ಅವನು ಏನು ಮಾಡುತ್ತಾನೆ ಅಂತ ನಾನು ಹೇಳುವುದಿಲ್ಲ. ಅದು ನಿಮ್ಮ ಕೆಲಸ.

ದೀಪಾವಳಿಯೊಳಗೆ ಇನ್ನೊಂದು ಕರಡು ಕಳಿಸಿ, ಉದ್ದ ಈಗಿನದರ ಅರ್ಧ ಇದ್ದರೆ ಸಾಕು. ಬರೆಯಲು ಕೂರುವ ಮೊದಲು ಒಮ್ಮೆ ಊರಿಗೆ ಹೋಗಿ ಬನ್ನಿ. ಅಜ್ಜನ ಪಕ್ಕ ಕೂತು ಕೇಳಿ: ನೀರು ಕೆಂಪಗೆ ಕಂಡ ದಿನ ಅವರು ಮಂಜಿ ನಡೆಸುವ ಟಂಡೇಲನಿಗೆ ಹೇಳಿದರಾ, ಇಲ್ಲವಾ?