ಕಾಪಿ ಕೇಸ್ ಮೇಲ್ ಬಂದಿದ್ದರೆ ಅವಸರದಲ್ಲಿ ಸಹಿ ಹಾಕಬೇಡಿ

ನಮಸ್ಕಾರ. ಪ್ರೋಗ್ರಾಮಿಂಗ್ ಅಸೈನ್‌ಮೆಂಟ್ ಕಾಪಿ ಹೊಡೆದಿದ್ದೀರಿ ಅಂತ ನಿಮ್ಮ ಸ್ಟೇಟ್ ಯೂನಿವರ್ಸಿಟಿಯಿಂದ ಮೇಲ್ ಬಂದಿದೆ, ಎಫ್-1 ವೀಸಾದವರ (ಅಮೆರಿಕದ ವಿದ್ಯಾರ್ಥಿ ವೀಸಾ) ಮಾತು ಇಲ್ಲಿ ಯಾರು ಕೇಳ್ತಾರೆ, ಒಪ್ಪಿಕೊಂಡು ಮುಗಿಸಿಬಿಡಲಾ ಅಂತ ಕೇಳಿದ್ದೀರಿ. ಮಾಡದೇ ಇದ್ದದ್ದನ್ನು ದಯವಿಟ್ಟು ಒಪ್ಪಿಕೊಳ್ಳಬೇಡಿ. ನಿಮ್ಮ ಮಾತನ್ನು ಅವರು ಕೇಳಲೇಬೇಕು.

ಸ್ಟೇಟ್ ಯೂನಿವರ್ಸಿಟಿ ಅಂದರೆ ಸರ್ಕಾರದ್ದೇ ಅಂಗ, ಹಾಗಾಗಿ ನ್ಯಾಯಯುತ ಕ್ರಮವಿಲ್ಲದೆ ಯಾರ ಹಕ್ಕನ್ನೂ ಕಸಿಯುವಂತಿಲ್ಲ ಅನ್ನುವ ಅಮೆರಿಕ ಸಂವಿಧಾನದ 14ನೇ ತಿದ್ದುಪಡಿ ಅದಕ್ಕೂ ಅನ್ವಯಿಸುತ್ತೆ. ಈ ರಕ್ಷಣೆ ಇಲ್ಲಿನ ಪ್ರಜೆಗಳಿಗಷ್ಟೇ ಸೀಮಿತವಲ್ಲ ಅಂತ ಚೀನೀ ಲಾಂಡ್ರಿ ಮಾಲೀಕರೊಬ್ಬರ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1886ರಲ್ಲೇ ಹೇಳಿದೆ. ಗಾಸ್ ವರ್ಸಸ್ ಲೋಪೆಜ್ (1975) ತೀರ್ಪಿನ ಪ್ರಕಾರ ಸರ್ಕಾರಿ ಶಾಲೆಯಲ್ಲಿ 10 ದಿನದ ಸಸ್ಪೆನ್ಷನ್‌ಗೂ ಆರೋಪ ಏನೆಂದು ತಿಳಿಸಬೇಕು, ಅಲ್ಲಗಳೆದರೆ ಸಾಕ್ಷ್ಯ ವಿವರಿಸಬೇಕು, ಎದುರು ಮಾತಿಗೆ ಅವಕಾಶ ಕೊಡಬೇಕು. ಶಿಕ್ಷೆ ದೊಡ್ಡದಾದಷ್ಟೂ ಕ್ರಮ ಬಿಗಿಯಾಗಬೇಕು. ಹಾಗಂತ ಇದು ಕೋರ್ಟ್ ಅಲ್ಲ. ಎಷ್ಟೋ ಕಡೆ ವಕೀಲರು ಪಕ್ಕದಲ್ಲಿ ಕೂರಬಹುದು, ಮಾತಾಡುವಂತಿಲ್ಲ.

ಮಾರ್ಕ್ಸ್ ಕಡಿಮೆಯಾಗಿ ತೆಗೆದುಹಾಕಿದರೆ ಲೆಕ್ಕವೇ ಬೇರೆ. ಅದಕ್ಕೆ ವಿಚಾರಣೆ ಬೇಕಿಲ್ಲ ಅಂತ 1978ರ ಹೊರೊವಿಟ್ಜ್ ಕೇಸಿನಲ್ಲಿ ತೀರ್ಮಾನವಾಗಿದೆ. ಖಾಸಗಿ ಯೂನಿವರ್ಸಿಟಿಯ ಮೇಲೆ ಸಂವಿಧಾನದ ಈ ಹಕ್ಕು ನಡೆಯೋದಿಲ್ಲ, ಅಲ್ಲಿ ಅವರ ಹ್ಯಾಂಡ್‌ಬುಕ್ಕೇ ಆಧಾರ.

ಈಗ ಆ ಮೇಲ್ ತೆಗೆದು ನೋಡಿ. ಯಾವ ನಿಯಮ, ಯಾವ ಅಸೈನ್‌ಮೆಂಟ್, ಉತ್ತರಕ್ಕೆ ಕೊನೇ ದಿನ ಯಾವುದು? ಇದರಲ್ಲಿ ಒಂದು ಇಲ್ಲದಿದ್ದರೂ ಇವತ್ತೇ ಮೇಲ್‌ನಲ್ಲೇ ಕೇಳಿ, ಫೋನಲ್ಲಿ ಬೇಡ. ಜೊತೆಗೆ ಸಾಕ್ಷ್ಯದ ಫೈಲ್ ಪೂರ್ತಿ ಕೇಳಿ. ಫೆರ್ಪಾ (ವಿದ್ಯಾರ್ಥಿಗಳ ದಾಖಲೆಗಳ ಬಗೆಗಿನ ಅಮೆರಿಕದ ಕಾನೂನು) ಪ್ರಕಾರ ನಿಮ್ಮ ದಾಖಲೆ ನೋಡುವ ಹಕ್ಕಿದೆ, ಆದರೆ ಅವರಿಗೆ 45 ದಿನದ ಗಡುವಿರುತ್ತೆ. ಅಷ್ಟರಲ್ಲಿ ವಿಚಾರಣೆಯೇ ಮುಗಿದುಹೋಗಬಹುದು. ಅದಕ್ಕೇ ಮೊದಲು ಯೂನಿವರ್ಸಿಟಿಯ ಕಂಡಕ್ಟ್ ಕೋಡ್ (ವಿದ್ಯಾರ್ಥಿಗಳ ನಡತೆಯ ನಿಯಮಾವಳಿ) ಪ್ರಕಾರವೇ ಕೇಳಿ.

ಪ್ರೋಗ್ರಾಂ ಕೋಡ್ ಕಾಪಿ ಮಾಡಿದ ಕೇಸಿನಲ್ಲಿ ಸಾಕ್ಷ್ಯ ಸಾಮಾನ್ಯವಾಗಿ ಮಾಸ್ (MOSS) ಥರದ ಸಾಫ್ಟ್‌ವೇರ್ ಕೊಟ್ಟ ಹೋಲಿಕೆಯ ರಿಪೋರ್ಟ್. ಪ್ರೊಫೆಸರ್ ಎಲ್ಲರಿಗೂ ಹಂಚಿದ ಸ್ಟಾರ್ಟರ್ ಕೋಡನ್ನು ಬೇಸ್ ಫೈಲ್ ಆಗಿ (ಹೋಲಿಕೆಯಿಂದ ಹೊರಗಿಡಬೇಕಾದ ಭಾಗವೆಂದು) ಕೊಡದಿದ್ದರೆ ಆ ಸಾಲುಗಳೂ ಹೋಲಿಕೆಯ ಲೆಕ್ಕಕ್ಕೆ ಸೇರಿಬಿಡುತ್ತವೆ. ಬಣ್ಣ ಹಚ್ಚಿದ ಸಾಲುಗಳನ್ನು ಒಂದೊಂದಾಗಿ ಸ್ಟಾರ್ಟರ್ ಜೊತೆ ಇಟ್ಟು ನೋಡಿ. ಉಳಿದವು ಎಷ್ಟು ಅನ್ನೋದೇ ನಿಮ್ಮ ಉತ್ತರದ ಜೀವಾಳ. ಗಿಟ್ ಕಮಿಟ್‌ಗಳು (ಕೋಡ್ ಹಂತಹಂತವಾಗಿ ಬದಲಾದ ದಾಖಲೆ), ಹಳೇ ಡ್ರಾಫ್ಟ್‌ಗಳು ಹೇಗಿವೆಯೋ ಹಾಗೇ ಇರಲಿ. ಮೇಲ್ ಬಂದ ಮೇಲೆ ಏನನ್ನೂ ಅಳಿಸಬೇಡಿ, ಚಾಟ್ ಕೂಡ.

ಹೆಚ್ಚಿನವರು ಎಡವೋದು 'ಇನ್‌ಫಾರ್ಮಲ್ ರೆಸಲ್ಯೂಷನ್' (ವಿಚಾರಣೆ ಇಲ್ಲದೆ ಮಾತಿನಲ್ಲೇ ಮುಗಿಸುವ) ಫಾರ್ಮ್‌ನಲ್ಲಿ. ಚಿಕ್ಕ ಮೀಟಿಂಗ್, ಮೆತ್ತಗಿನ ಮಾತು, ಕೊನೆಗೊಂದು ಸಹಿ. ತಪ್ಪೊಪ್ಪಿಗೆ, ವಿಚಾರಣೆ ಬೇಡವೆಂಬ ಒಪ್ಪಿಗೆ, ಕೆಲವೊಮ್ಮೆ ಅಪೀಲ್ ಬಿಟ್ಟುಕೊಡುವುದು, ಮೂರೂ ಆ ಒಂದು ಸಹಿಯಲ್ಲೇ ಇರಬಹುದು. ಓದಲು ಸಮಯ ಕೇಳಿ. ಕ್ಯಾಂಪಸ್‌ನಲ್ಲಿ ಸ್ಟೂಡೆಂಟ್ ಲೀಗಲ್ ಸರ್ವೀಸಸ್ ಇದೆಯಾ ವಿಚಾರಿಸಿ. ಇದ್ದರೂ ಕೆಲವು ಕಡೆ ಅವರು ಯೂನಿವರ್ಸಿಟಿ ವಿರುದ್ಧದ ಕೇಸ್ ತಗೊಳ್ಳೋದಿಲ್ಲ, ಅದನ್ನು ಮೊದಲೇ ಕೇಳಿಕೊಳ್ಳಿ.

ವೀಸಾ ವಿಷಯ: ಗಾಬರಿಯಾಗಿ ನೀವಾಗಿಯೇ ಕೋರ್ಸ್ ಬಿಡಬೇಡಿ. ಡಿಎಸ್ಒ (ಯೂನಿವರ್ಸಿಟಿಯಲ್ಲಿ ವಿದೇಶಿ ವಿದ್ಯಾರ್ಥಿಗಳ ವೀಸಾ ವಿಷಯ ನೋಡಿಕೊಳ್ಳುವ ಅಧಿಕಾರಿ) ಅನುಮತಿಯೊಂದಿಗೆ ಬಿಟ್ಟರೆ ದೇಶ ಬಿಡಲು 15 ದಿನ ಸಿಗುತ್ತೆ, ಅನುಮತಿ ಇಲ್ಲದೆ ಬಿಟ್ಟರೆ ಒಂದು ದಿನವೂ ಇಲ್ಲ. ಸಸ್ಪೆಂಡ್ ಆದರೆ ಅಪೀಲ್ ಮುಗಿಯೋವರೆಗೆ ಶಿಕ್ಷೆ ತಡೆಹಿಡಿಯಿರಿ ಅಂತ ಅದೇ ದಿನ ಬರೆದು ಕೇಳಿ, ಆ ಮೇಲ್‌ನ ಪ್ರತಿ ಡಿಎಸ್ಒಗೂ ಹೋಗಲಿ.