ಹಳೇ ರೀಲಿನ ಹೆಂಗಸರು ಕುಸ್ತಿಪಟುಗಳೋ, ಮಾಡೆಲ್‌ಗಳೋ?

ಪ್ರಶ್ನೆ: 1940–50ರ ದಶಕದ ಅಮೆರಿಕದ ಹೆಂಗಸರ ಕುಸ್ತಿ ರೀಲುಗಳಲ್ಲಿ ಇರುವವರೆಲ್ಲ ಬರೀ ಮಾಡೆಲ್‌ಗಳಂತೆ. ನಿಜವೇ?

ಉತ್ತರ: ಎಷ್ಟು ಸಲ ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಬಂದಾಗಲೆಲ್ಲ ಸಿಟ್ಟೂ ಬರುತ್ತದೆ. ನ್ಯೂಯಾರ್ಕಿನ ಇರ್ವಿಂಗ್ ಕ್ಲಾ ಎಂಬ ವ್ಯಾಪಾರಿ ಅಂಚೆಯಲ್ಲಿ ಮಾರುತ್ತಿದ್ದ ರೀಲುಗಳಲ್ಲಿ ಬೆಟ್ಟಿ ಪೇಜ್ ಥರದ ಮಾಡೆಲ್‌ಗಳು ಕೋಣೆಯೊಳಗೆ ಹೈಹೀಲ್ಸ್ ಹಾಕಿಕೊಂಡು ಜುಟ್ಟು ಹಿಡಿದಾಡುತ್ತಾರೆ. ಅದು ಕುಸ್ತಿಯಲ್ಲ. ಆದರೆ ಕುಸ್ತಿಪಟು ಮಿಲ್ಡ್ರೆಡ್ ಬರ್ಕ್ ಜಾತ್ರೆಯ ಡೇರೆಗಳಲ್ಲಿ ಗಂಡಸರಿಗೆ ಸವಾಲು ಹಾಕಿ ಸೆಣಸಿದವರು. 1937ರಲ್ಲಿ ಕ್ಲಾರಾ ಮಾರ್ಟೆನ್ಸನ್ ಅವರನ್ನು ಸೋಲಿಸಿ ಚಾಂಪಿಯನ್ ಪಟ್ಟಕ್ಕೇರಿದವರು. ಆ ಮಾಡೆಲ್‌ಗಳನ್ನೂ ಇಂಥ ಕುಸ್ತಿಪಟುಗಳನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ನ್ಯೂಯಾರ್ಕಿನಲ್ಲಿ ಹೆಂಗಸರ ಕುಸ್ತಿಗೆ 1972ರವರೆಗೆ ನಿಷೇಧವಿತ್ತು. ಕಸುಬು ಬಲ್ಲವರಿಗೆ ಅಲ್ಲಿ ಅಖಾಡವೇ ಇಲ್ಲ, ಕೋಣೆಯ ಜಗಳದ ರೀಲಿಗೆ ಮಾತ್ರ ಗಿರಾಕಿಗಳು! ಈ ಅನ್ಯಾಯ ಗೊತ್ತಿಲ್ಲದವರೇ ‘ಎಲ್ಲರೂ ಮಾಡೆಲ್‌ಗಳು’ ಎನ್ನುವುದು.

ಗುರುತಿಸಬೇಕೆ? ಹಾಕುವ ಪಟ್ಟುಗಳನ್ನಲ್ಲ, ಬೀಳುವುದನ್ನು ನೋಡಿ. ವೀಡಿಯೊವನ್ನು ಆ ಕ್ಷಣಕ್ಕೆ ನಿಲ್ಲಿಸಿ. ಕುಸ್ತಿಯವಳ ಗದ್ದ ಎದೆಗೆ ಒತ್ತಿರುತ್ತದೆ, ತೋಳು ಅಗಲಿಸಿ ಅಂಗೈಯಿಂದ ನೆಲ ಬಡಿಯುತ್ತಾಳೆ, ಬೆನ್ನಿನ ಮೇಲ್ಭಾಗ ಒಟ್ಟಿಗೇ ತಾಗುತ್ತದೆ. ಅದು ತಲೆ ಉಳಿಸಿಕೊಳ್ಳುವ ವಿದ್ಯೆ. ಕಲಿಯದವಳು ಮೊದಲು ಕೈಯೂರುತ್ತಾಳೆ, ಆಮೇಲೆ ಮೆಲ್ಲಗೆ ಸೊಂಟ. 1951ರ ‘ರ‍್ಯಾಕೆಟ್ ಗರ್ಲ್ಸ್’ ಸಿನಿಮಾದ ಕಥೆ ತೀರಾ ಸಪ್ಪೆ, ಆದರೂ ನೋಡಿ. ಅದೇ ಮಾರ್ಟೆನ್ಸನ್ ಅದರಲ್ಲಿ ತಾವಾಗಿಯೇ ಬರುತ್ತಾರೆ.

ಪ್ರಶ್ನೆ: ಗೆಲ್ಲುವವರು ಯಾರೆಂದು ಮೊದಲೇ ಗೊತ್ತಿರುತ್ತಿತ್ತಲ್ಲ, ಹಾಗಾದರೆ ಎಲ್ಲವೂ ನಾಟಕವೇ?

ಉತ್ತರ: ಗೆಲುವು ಸಾಮಾನ್ಯವಾಗಿ ಮೊದಲೇ ನಿಗದಿ. ಹಲಗೆಯ ಮೇಲೆ ಬಿದ್ದ ಬೆನ್ನಿನ ನೋವು ನಾಟಕವಲ್ಲ.

ಪ್ರಶ್ನೆ: ಬಣ್ಣ ತುಂಬಿ, ಚೊಕ್ಕ ಮಾಡಿದ ‘ಮೂಲ ಪ್ರತಿ’ ಒಬ್ಬರು ಮಾರುತ್ತಿದ್ದಾರೆ. ಕೊಳ್ಳಲೇ?

ಉತ್ತರ: ಬೇಡ. ಬಣ್ಣ ಬಳಿದ ಮೇಲೆ ಅದು ಮೂಲ ಹೇಗಾದೀತು? ಬಣ್ಣ ತುಂಬಿ ಚೊಕ್ಕ ಮಾಡುವ ಸಾಫ್ಟ್‌ವೇರುಗಳು ಇಲ್ಲದ ಬೆರಳನ್ನೂ ಮೂಡಿಸುತ್ತವೆ. ಯಾರ ಕೈ ಯಾರ ಮಣಿಕಟ್ಟು ಹಿಡಿದಿದೆ ಎಂಬುದೇ ಅಳಿಸಿಹೋಗುತ್ತದೆ, ನಮಗೆ ಬೇಕಾದದ್ದು ಅದೇ. ಇಂಥವರಿಗೆ ದುಡ್ಡು ಸುರಿಯಬೇಡಿ.

ಪ್ರಶ್ನೆ: ಹಳೇ ಸಿನಿಮಾದಲ್ಲಿ ಓಡಾಟ ಏಕೆ ಅಷ್ಟು ವೇಗ?

ಉತ್ತರ: ಸೆಕೆಂಡಿಗೆ ಸುಮಾರು 16 ಫ್ರೇಮಿನಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿರುತ್ತಾರೆ. ಅಷ್ಟೇ.

ಪ್ರಶ್ನೆ: ಅಟ್ಟದಲ್ಲಿ ಸಿಕ್ಕ 16 ಎಂಎಂ ರೀಲು ವಿನೆಗರ್ ವಾಸನೆ ಹೊಡೆಯುತ್ತಿದೆ. ಪ್ರೊಜೆಕ್ಟರಿಗೆ ಹಾಕಿ ನೋಡಲೇ?

ಉತ್ತರ: ದಯವಿಟ್ಟು ಬೇಡ. ಫಿಲ್ಮು ಕೊಳೆಯತೊಡಗಿದ ವಾಸನೆ ಅದು. ಕುಗ್ಗಿದ ಫಿಲ್ಮಿನ ತೂತುಗಳು ಪ್ರೊಜೆಕ್ಟರಿನ ಹಲ್ಲಿಗೆ ಸಿಕ್ಕಿ ಹರಿಯುತ್ತವೆ. ಬೇರೆ ರೀಲುಗಳಿಂದ ದೂರವಿಡಿ, ತಂಪಾದ ಒಣ ಜಾಗದಲ್ಲಿಡಿ, ಸ್ಕ್ಯಾನ್ ಮಾಡಬಲ್ಲವರಿಗೆ ಕೂಡಲೇ ತಲುಪಿಸಿ.